ಆ ಭಾನುವಾರದ ಮೀನುಸಾರು

ಪೂರಿಗಾಲಿ
17-12-2023

ನಯನಳಿಗೆ ಇಂದ್ರಮ್ಮ ಬರೆಯುವುದು.

ನಾನು ನಿನ್ನ ಹತ್ತಿರ ಮಾತು ಬಿಟ್ಟಿದ್ದೇನೆ. ನಿಮ್ಮ ಗೃಹಪ್ರವೇಶದ ಕಾರ್ಡಿನಲ್ಲಿ ನಿನ್ನ ಚಿಕ್ಕಪ್ಪನ ಮಕ್ಕಳ ಹೆಸರನ್ನೆಲ್ಲ ಹಾಕಿಸಿ, ನಿನ್ನ ಗಂಡ ಪುಟ್ಟಸ್ವಾಮಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನ ಹೆಸರನ್ನು ಬಿಟ್ಟ ದಿನವೇ ಬಿಟ್ಟೆ. ಈಗಲೂ ಆಡುವುದಿಲ್ಲ. ಕಾಗದ ಬರೆದರೆ ಮಾತಾಡಿದ ಹಾಗೆ ಆಗುವುದಿಲ್ಲ ಎಂದು ಬರೆಯುತ್ತಿದ್ದೇನೆ.

ನನ್ನ ತಮ್ಮ ಮೈಸೂರಿನ ಆಸ್ಪತ್ರೆಯಿಂದ ಕೊಪ್ಪಕ್ಕೆ ಬಂದು ವಾರವಾಯಿತಂತೆ. ನನಗೆ ಹೇಳಿದವರು ಹೊರಗಿನವರು. ಮೂರು ಸಲ ಫೋನು ಮಾಡಿದೆ. ಕಬ್ಬಿನ ಒಣಗಿದ ರವದಿ ಎಲೆ ಸರಿದಾಡಿದಂಥ ಸದ್ದು ಬರುತ್ತದೆ, ಅಷ್ಟೆ. ಆಮೇಲೆ ನೀನು ಫೋನು ತೆಗೆದುಕೊಂಡು, ಅವರಿಗೆ ಸ್ವರ ಇಲ್ಲ ಎಂದು ಇಟ್ಟುಬಿಡುತ್ತೀಯ. ರಕ್ತ ಕಕ್ಕಿದ್ದಕ್ಕೆ ಆಸ್ಪತ್ರೆಗೆ ಹೋದವನ ಸ್ವರ ಎಲ್ಲಿ ಹೋಯಿತು?

ಬಾಯಿಗೆ ಒಂದು ಗುಟುಕು ನೀರನ್ನೂ ಕೊಡುವುದಿಲ್ಲವಂತೆ. ಹೊಟ್ಟೆಗೆ ಪೈಪು ಹಾಕಿದ್ದಾರಂತೆ, ನೀನು ಬಾಗಿಲು ಹಾಕಿಕೊಂಡು ಅದರಲ್ಲಿ ಏನೋ ಬಿಡುತ್ತೀಯಂತೆ. ಅದು ಏನು? ಬಾಗಿಲು ಯಾಕೆ ಹಾಕುತ್ತೀಯ?

ಅವನು ರಕ್ತ ಕಕ್ಕಿದ ದಿನವೇ ಮಂಡ್ಯದ ಆಸ್ಪತ್ರೆಯಲ್ಲಿ ಹೇಳಿದೆ, ಇದು ಊಟದಲ್ಲಿ ಯಾರೋ ಇಕ್ಕಿದ ಮದ್ದು ಎಂದು. ಹೊಟ್ಟೆಯಲ್ಲಿ ಕೂತು ಒಳಗೊಳಗೇ ತಿನ್ನುತ್ತದೆ. ನಮ್ಮ ಕಡೆ ಬೆಟ್ಟಮ್ಮ ಇದ್ದಾಳೆ, ಸೊಪ್ಪಿನ ರಸ ಕುಡಿಸಿ ಕಕ್ಕಿಸಿದರೆ ಮದ್ದು ಈಚೆಗೆ ಬರುತ್ತದೆ. ನೀನು ಕೇಳಲಿಲ್ಲ. ಆಂಬ್ಯುಲೆನ್ಸಿಗೆ ಹಾಕಿಕೊಂಡು ಹೋಗಿ ಕುಯ್ಯಿಸಿದೆ.

ನೀನು ಇಕ್ಕಿದೆ ಎಂದು ನಾನು ಹೇಳುತ್ತಿಲ್ಲ. ಹನ್ನೊಂದು ವರ್ಷದಿಂದ ಅವನು ಉಂಡದ್ದು ನಿನ್ನ ಕೈಯಲ್ಲಿ ಎಂದಷ್ಟೇ ಹೇಳುತ್ತಿದ್ದೇನೆ.

ಇಂದ್ರಮ್ಮ


ಕೊಪ್ಪ
24-12-2023

ಅಕ್ಕನಿಗೆ ನಯನಳ ನಮಸ್ಕಾರ.

ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅವತ್ತು ಮಂಡ್ಯದಲ್ಲಿ ನೀವು ಅಷ್ಟು ಜನದ ಮುಂದೆ ಕೇಳಿದಾಗ ನಾನು ನೆಲ ನೋಡುತ್ತ ನಿಂತೆ. ನೀವು ಅದನ್ನು ಒಪ್ಪಿಕೊಂಡ ಹಾಗೆ ಎಂದುಕೊಂಡಿರಿ. ಕಾಗದವಾದರೆ ನಿಧಾನವಾಗಿ ಬರೆಯಬಹುದು. ಕಾರ್ಡು ಬರೆಸಿದವರು ನಮ್ಮಪ್ಪ, ಆದರೂ ನಾನು ನೋಡಬೇಕಿತ್ತು. ಅದು ತಪ್ಪು.

ಪೈಪಿನಲ್ಲಿ ಬಿಡುವುದು ರಾಗಿ ಅಂಬಲಿ. ಬಿಳಿ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸುತ್ತೇನೆ. ಹಾಲು, ಬೇಳೆಯ ಕಟ್ಟು, ಆಸ್ಪತ್ರೆಯವರು ಕೊಟ್ಟ ಪುಡಿ. ಎರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ. ಬಾಗಿಲು ಹಾಕುವುದು ಅವರು ಹಾಕು ಅನ್ನುವುದರಿಂದ. ಅವರ ಕತ್ತಿನ ಎಡಗಡೆ ಒಂದು ಬಾಯಿ ಮಾಡಿದ್ದಾರೆ. ನುಂಗಿದ ಎಂಜಲು ಅಲ್ಲಿಂದ ಒಂದು ಚೀಲಕ್ಕೆ ಇಳಿಯುತ್ತದೆ. ಅದನ್ನು ಯಾರಾದರೂ ನೋಡಿದರೆ ಅವರು ಗೋಡೆ ಕಡೆ ತಿರುಗಿಕೊಳ್ಳುತ್ತಾರೆ.

ಡಾಕ್ಟರು ನನ್ನನ್ನು ಕೂರಿಸಿಕೊಂಡು ಚಿತ್ರ ಬರೆದು ಹೇಳಿದರು. ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಎದೆಯೊಳಗೆ ಅನ್ನನಾಳಕ್ಕೆ ಒತ್ತಿಕೊಂಡೇ ಇಳಿಯುತ್ತದಂತೆ. ಎರಡಕ್ಕೂ ನಡುವೆ ತೂತು ಬಿದ್ದಿತ್ತು. ಹೀಗಾದರೆ ಮೊದಲು ಒಂದು ಲೋಟದಷ್ಟು ರಕ್ತ ಬಂದು ನಿಲ್ಲುತ್ತದೆ. ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಎರಡನೇ ಸಲ ಬಂದರೆ ಹಿಡಿಯಲಾಗುವುದಿಲ್ಲ. ಅದಕ್ಕೇ ಅವತ್ತು ನಾನು ನಿಮ್ಮ ಮಾತಿಗೆ ನಿಲ್ಲಲಿಲ್ಲ.

ಮೊದಲ ದಿನ ತೊಡೆಯ ಸಂದಿನ ರಕ್ತನಾಳದಿಂದ ಬಟ್ಟೆ ಹೊದಿಸಿದ ತಂತಿಯ ಕೊಳವೆ ಕಳಿಸಿ, ತೂತಿನ ಜಾಗದಲ್ಲಿ ಅರಳಿಸಿ ಒಳಗಿನಿಂದ ಮುಚ್ಚಿದರು. ಬೋರ್‌ವೆಲ್‌ಗೆ ಪೈಪು ಇಳಿಸಿದ ಹಾಗೆ ಅಂದುಕೊಂಡೆ. ಒಂಬತ್ತು ದಿನ ಬಿಟ್ಟು ಎದೆ ತೆರೆದು ಕೀವಾಗಿದ್ದ ಅನ್ನನಾಳವನ್ನು ತೆಗೆದರು. ಹೊಟ್ಟೆಯೊಳಗಿನ ಕೊಬ್ಬಿನ ಪದರವೊಂದನ್ನು ಮೇಲಕ್ಕೆ ತಂದು ರಕ್ತನಾಳಕ್ಕೆ ಹೊದಿಸಿದರು. ಸ್ವರದ ನರ ಅಲ್ಲೇ ಹಾಯುತ್ತದಂತೆ, ಅದಕ್ಕೆ ಪೆಟ್ಟಾಗಿದೆ. ನಾಲ್ಕೈದು ತಿಂಗಳು ಕಳೆದ ಮೇಲೆ ಇನ್ನೊಂದು ಆಪರೇಷನ್ನಿನಲ್ಲಿ ಹೊಟ್ಟೆಯನ್ನೇ ಕೊಳವೆಯ ಹಾಗೆ ಹೊಲಿದು ಕತ್ತಿನವರೆಗೆ ತಂದು ಸೇರಿಸುತ್ತಾರೆ. ಆಗ ಬಾಯಿಂದ ಉಣ್ಣಬಹುದು.

ಮದ್ದಲ್ಲ ಅಕ್ಕ. ಚೂಪಾದ್ದು ಏನೋ ಒಳಗೆ ಚುಚ್ಚಿತ್ತು ಅಂದರು.

ನಯನ


ಪೂರಿಗಾಲಿ
31-12-2023

ನಯನಳಿಗೆ,

ಚೂಪಾದ್ದು ಎಂದು ನೀನೇ ಬರೆದಿದ್ದೀಯ. ಊಟದೊಳಕ್ಕೆ ಚೂಪಾದ್ದು ಕಾಲಿಟ್ಟುಕೊಂಡು ನಡೆದು ಬಂತೆ? ಒಲೆಯ ಮುಂದೆ ಇದ್ದವಳು ನೀನು. ಇಷ್ಟುದ್ದ ಬರೆದು ಆ ಒಂದು ಮಾತನ್ನು ಕೊನೆಗೆ ಇಟ್ಟಿದ್ದೀಯ. ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ಕಾಗದದ ಕೊನೆಯನ್ನೇ ಮೊದಲು ನೋಡುತ್ತೇನೆ.

ಬೆಟ್ಟಮ್ಮನಿಗೆ ಎಲ್ಲ ಹೇಳಿದೆ. ಬಾಯಲ್ಲಿ ಕುಡಿಯುವುದಕ್ಕೆ ಆಗುವುದಿಲ್ಲವಂತೆ ಅಂದರೆ ಅವಳು ನಕ್ಕಳು. “ಪೈಪ್ ಇದ್ರೆ ಇನ್ನೂ ಸಲೀಸು ಕಣಮ್ಮ, ಅದ್ರಲ್ಲೇ ಬುಡಾನ” ಅಂದಳು.

ಜನವರಿ ಹನ್ನೊಂದು ಅಮಾವಾಸ್ಯೆ. ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಬಂದು, ಮದ್ದೂರಿನ ಮೇಲೆ ಇಬ್ಬರೂ ಕೊಪ್ಪಕ್ಕೆ ಬರುತ್ತೇವೆ. ನಿನ್ನ ಕೈಯಲ್ಲಿ ತಪ್ಪಿಲ್ಲದಿದ್ದರೆ ಬಾಗಿಲು ತೆಗೆದಿರುತ್ತದೆ.

ಇಂದ್ರಮ್ಮ


ಕೊಪ್ಪ
6-1-2024

ಅಕ್ಕ,

ಬೆಟ್ಟಮ್ಮನನ್ನು ಕರೆದುಕೊಂಡು ಬರಬೇಡಿ. ಆ ಪೈಪಿನ ತುದಿ ಇರುವುದು ಸಣ್ಣಕರುಳಿನಲ್ಲಿ. ಅದರಲ್ಲಿ ಸೊಪ್ಪಿನ ರಸ ಬಿಟ್ಟು, ಎದೆಯೊಳಗೆ ಹಸಿ ಹೊಲಿಗೆ ಇರುವವರನ್ನು ಕಕ್ಕಿಸಿದರೆ ನೀವು ಮೂರನೇ ದಿನದ ಕಾರ್ಯಕ್ಕೆ ಇಲ್ಲೇ ಉಳಿಯಬೇಕಾಗುತ್ತದೆ. ಹೀಗೆ ಬರೆದದ್ದಕ್ಕೆ ಕ್ಷಮಿಸಿ. ಅಮಾವಾಸ್ಯೆ ದಿನ ನಾನು ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಆಸ್ಪತ್ರೆಯವರು ಕೊಟ್ಟ ಕಾಗದಗಳು ಇಂಗ್ಲಿಷಿನಲ್ಲಿವೆ. ನಾನು ಐದನೇ ಕ್ಲಾಸು, ನನಗೆ ಬರುವುದಿಲ್ಲ. ನಿನ್ನೆ ಗಾಯ ಕಟ್ಟಲು ಬಂದ ನರ್ಸು ಶ್ವೇತ ಅವನ್ನು ಓದಿ ಹೇಳಿದಳು. “ನಯನಕ್ಕ, ಇದ್ರಲ್ಲಿ ಮೀನಿನ ಮೂಳೆ ಅಂತ ಬರ್ದವ್ರೆ. ಗಂಟ್ಲಲ್ಲಿ ಸಿಕ್ಕುದ್ ಮೇಲೆ ದಪ್ಪುಂದ್ ಏನೋ ನುಂಗಿ ತಳ್ಳವ್ರೆ. ಅಂಗ್ ತಳ್ಳುದ್ರಿಂದ್ಲೇ ಅದು ಒಳಿಕ್ಕೆ ಚುಚ್ಕಂಡಿರೋದು. ಸುಮ್ಗೆ ಆಸ್ಪತ್ರೆಗೆ ಓಗಿದ್ರೆ ಐದ್ನಿಮಿಸದ್ ಕೆಲ್ಸ” ಅಂದಳು. ಇದನ್ನು ಅವರೇ ಡಾಕ್ಟರಿಗೆ ಬರೆದು ತೋರಿಸಿದ್ದಾರೆ. ನನಗೆ ತೋರಿಸಿಲ್ಲ.

ನಿಮಗೆ ಗೊತ್ತು, ಮೀನಿನ ವಾಸನೆಗೆ ನನಗೆ ವಾಂತಿ ಬರುತ್ತದೆ. ಈ ಮನೆಯ ಒಲೆಯ ಮೇಲೆ ಮೀನು ಬೆಂದಿಲ್ಲ. ರಕ್ತ ಬರುವುದಕ್ಕೆ ಹನ್ನೆರಡು ದಿನ ಮುಂಚೆ, ದಸರಾ ಕಳೆದ ಭಾನುವಾರ, ಅವರು ಗೂಡ್ಸ್ ಆಟೊ ರಿಪೇರಿಗೆ ಎಂದು ಮದ್ದೂರಿನ ಕೆಂಪಯ್ಯನ ಶೆಡ್ಡಿಗೆ ಹೋಗಿದ್ದರು. ಬಂದಾಗಿನಿಂದ ಎದೆ ಉಜ್ಜಿಕೊಳ್ಳುತ್ತಿದ್ದರು. ಗ್ಯಾಸ್ಟ್ರಿಕ್ ಅಂದರು.

ಅವತ್ತು ನಿಮ್ಮ ಮನೆಗೆ ಬಂದಿದ್ದರಾ? ಬಂದು ಉಂಡಿದ್ದರೆ ನನಗೆ ಬೇಸರವಿಲ್ಲ. ನಾವು ಮಾತು ಬಿಟ್ಟಿದ್ದೇವೆಂದು ನನಗೆ ಹೇಳದೆ ಬಂದಿರಬಹುದು. ಬಂದಿದ್ದ ಎಂದು ಒಂದೇ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ನನ್ನ ತಲೆ ಬೇರೆ ಕಡೆ ಓಡುತ್ತಿದೆ.

ನಯನ


ಪೂರಿಗಾಲಿ
2-2-2024

ನಯನ,

ನಿನ್ನ ಕಾಗದ ತಲುಪಿತು. ಅಮಾವಾಸ್ಯೆಗೆ ಬರಲಾಗಲಿಲ್ಲ. ಬೆಟ್ಟಮ್ಮನಿಗೆ ಮೈ ಸರಿಯಿರಲಿಲ್ಲ. ಇನ್ನು ಅವಳ ವಿಷಯ ಬೇಡ, ಡಾಕ್ಟರು ಹೇಳಿದಂತೆ ನಡೆಯಲಿ.

ಪುಟ್ಟಸ್ವಾಮಿ ನಮ್ಮ ಮನೆಗೆ ಬಂದಿಲ್ಲ. ಗೃಹಪ್ರವೇಶ ಆದಾಗಿನಿಂದ ಬಂದೇ ಇಲ್ಲ. ನಾವು ಆ ತಿಂಗಳು ಮೀನನ್ನೂ ಮಾಡಿಲ್ಲ. ಆಸ್ಪತ್ರೆಯವರು ಬರೆದದ್ದೆಲ್ಲ ನಿಜ ಇರಬೇಕೆಂದೇನಿಲ್ಲ. ಆಗಿದ್ದು ಆಯಿತು, ಎಲ್ಲಿ ಉಂಡ, ಏನು ಉಂಡ ಎಂದು ಅವನನ್ನು ಕೆದಕಬೇಡ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹತ್ತು ಸೇರು ರಾಗಿ ಬಸ್ಸಿನಲ್ಲಿ ಹಾಕಿಸಿದ್ದೇನೆ. ಕಲ್ಲು ಆರಿಸಿದ್ದೇನೆ, ಆದರೂ ನೀನು ಇನ್ನೊಮ್ಮೆ ನೋಡು. ಚೆನ್ನಾಗಿ ಸೋಸು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ಇಂದ್ರಮ್ಮ


ಕೊಪ್ಪ
11-2-2024

ಅಕ್ಕ,

ರಾಗಿ ಬಂತು. ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಒಂದೂ ಬೈಗುಳವಿಲ್ಲ. ನನ್ನ ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನೀವು ನನಗೆ ‘ನೀನೂ ಉಣ್ಣು’ ಎಂದದ್ದು ಇದೇ ಮೊದಲು. ಆಗಲೇ ನನಗೆ ಗೊತ್ತಾಯಿತು, ನಿಮಗೆ ಏನೋ ತಿಳಿದಿದೆ ಎಂದು.

ಮದ್ದೂರಿಗೆ ಹೋಗಿ ಕೆಂಪಯ್ಯನನ್ನು ಕೇಳಿದೆ. “ಬಾನ್ವಾರ ನಾನೆಲ್ಲವ್ವ ಶೆಡ್ ತಗೀತೀನಿ?” ಅಂದ. ಅಲ್ಲಿಗೆ ಅವರು ಹೋಗಿಲ್ಲ. ನಿಮ್ಮ ಮನೆಗೂ ಬಂದಿಲ್ಲ. ಹಾಗಾದರೆ ಯಾವುದೋ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಂಡಿದ್ದಾರೆ, ಯಾರೋ ಪಕ್ಕದಲ್ಲಿ ಕೂತು ಬಡಿಸಿದ್ದಾರೆ. ಗಂಟಲಲ್ಲಿ ಮೂಳೆ ಸಿಕ್ಕಿದಾಗ ಬೆನ್ನು ಸವರಿದ್ದಾರೆ. ಅವತ್ತು ಸಂಜೆ ಬಂದವರೇ ತೊಟ್ಟಿಯ ಹತ್ತಿರ ಕೂತು ತಾವೇ ಅಂಗಿ ಒಗೆದುಕೊಂಡರು. ಇಷ್ಟು ವರ್ಷದಲ್ಲಿ ಅವರು ಒಗೆದದ್ದು ಅದೊಂದೇ ಅಂಗಿ. ಗ್ರೀಸು ಎಂದರು. ನಾನು ನಂಬಿದೆ.

ಅವಳು ಯಾರು ಎಂದು ನಿಮಗೆ ಗೊತ್ತು. ತಮ್ಮನ ಮಾನ ಮುಚ್ಚುವುದಕ್ಕೆ ಕೆದಕಬೇಡ ಎಂದು ಬರೆದಿರಿ, ಅದಕ್ಕೇ ರಾಗಿಯನ್ನೂ ಕಳಿಸಿದಿರಿ.

ಎರಡನೇ ಆಪರೇಷನ್ ಏಪ್ರಿಲ್ ಒಂದಕ್ಕೆ. ಇಪ್ಪತ್ತು ದಿನವಾದರೂ ಆಸ್ಪತ್ರೆಯಲ್ಲಿ ಒಬ್ಬರು ಹಗಲುರಾತ್ರಿ ಇರಬೇಕು. ಸಹಿ ಹಾಕಬೇಕು, ಕಫ ತೆಗೆಯಬೇಕು, ಹಿಡಿದು ನಡೆಸಬೇಕು. ಅವರ ಕೈಯೆಲ್ಲ ಮೂಳೆ ಅಕ್ಕ, ನಲವತ್ತೊಂದು ಕೆಜಿ ಇದ್ದಾರೆ. ಇದನ್ನೆಲ್ಲ ಮಾಡಿದ್ದು ನಾನು. ಮೀನು ಬಡಿಸಿದವಳು ಬಂದು ಸ್ವಲ್ಪ ದಿನ ಸಿರಿಂಜು ಹಿಡಿಯಲಿ.

ನಯನ


ಕೊಪ್ಪ
10-3-2024

ಅಕ್ಕ,

ಒಂದು ತಿಂಗಳಿಂದ ನಿಮ್ಮಿಂದ ಕಾಗದವಿಲ್ಲ. ಅಂಚೆಯವರನ್ನು ದಿನವೂ ಕೇಳಿದೆ.

ಮೊನ್ನೆ ಅವರ ಸ್ಲೇಟು, ಬಳಪ ಎರಡನ್ನೂ ಅವರ ಎದೆಯ ಮೇಲಿಟ್ಟು, ಆ ಮನೆ ಯಾವುದು, ಬರೆಯಿರಿ, ಇಲ್ಲದಿದ್ದರೆ ನಾನು ತವರಿಗೆ ಹೋಗುತ್ತೇನೆ ಎಂದೆ. ಅವರು ಬರೆದದ್ದು ಇಷ್ಟು: “ಹೇಳಿದರೆ ಆಕೆ ಬದುಕಲ್ಲ. ನೀನು ಹೋಗೋದಾದ್ರೆ ಹೋಗು.”

ಆಕೆ. ಅವರ ಕೈಯಲ್ಲೇ ಆ ಅಕ್ಷರ ನೋಡಿದೆ. ನಾಲ್ಕು ತಿಂಗಳು ಎಂಜಲಿನ ಚೀಲ ತೊಳೆದವಳು ಹೋದರೆ ಹೋಗಲಿ, ಆಕೆ ಬದುಕಿರಬೇಕು.

ಬಟ್ಟೆ ಕಟ್ಟಿಟ್ಟಿದ್ದೇನೆ. ಇದೇ ಇಪ್ಪತ್ತಕ್ಕೆ ಹೊರಡುತ್ತೇನೆ. ಆಪರೇಷನ್ನಿಗೆ ಸಹಿ ಹಾಕುವುದಿಲ್ಲ. ನಿಮಗೆ ತಮ್ಮ ಬೇಕಾಗಿದ್ದರೆ ಬನ್ನಿ, ಇಲ್ಲವೇ ಆಕೆಯನ್ನು ಕಳಿಸಿ. ಇದೇ ನನ್ನ ಕೊನೆಯ ಕಾಗದ.

ನಯನ


ಪೂರಿಗಾಲಿ
14-3-2024

ನಯನ,

ಹೋಗಬೇಡ. ಆಕೆ ನಾನು.

ಅವತ್ತು ಅವನು ಬಂದದ್ದು ನಮ್ಮ ಮನೆಗೆ. ನಾನು ನಿನ್ನ ಹತ್ತಿರ ಮಾತು ಬಿಟ್ಟ ಮೇಲೆ ಎರಡು ತಿಂಗಳಿಗೊಮ್ಮೆ ನಿನಗೆ ಹೇಳದೆ ಬಂದುಹೋಗುತ್ತಿದ್ದ. ಅವನಿಗಾಗಿ ಹೊಳೆ ಮೀನು ತರಿಸುತ್ತಿದ್ದೆ. ನಿನ್ನ ಮನೆಯಲ್ಲಿ ಅದು ಸಿಗುವುದಿಲ್ಲ ಎಂಬುದೇ ನನಗೊಂದು ಗೆಲುವಾಗಿತ್ತು. ಅವನು ತಟ್ಟೆ ನೆಕ್ಕಿದಷ್ಟೂ ನಿನ್ನನ್ನು ಸೋಲಿಸಿದ ಹಾಗೆ ಅನ್ನಿಸುತ್ತಿತ್ತು.

ಎರಡನೇ ಮುದ್ದೆ ಮುರಿಯುವಾಗ ತಟ್ಟನೆ ನಿಲ್ಲಿಸಿದ. “ಸಿಕ್ಕಂಡದೆ ಕಣಕ್ಕ” ಅಂದ. ಮಂಡ್ಯಕ್ಕೆ ಹೋಗಿ ತೋರಿಸಿಕೊಂಡು ಬರುತ್ತೇನೆ ಎಂದು ಎದ್ದೂ ಎದ್ದ. ನಾನೇ ತೋಳು ಹಿಡಿದು ಕೂರಿಸಿದೆ. ನಮ್ಮ ಮನೆಯಲ್ಲಿ ಮೂಳೆ ಸಿಕ್ಕಿದರೆ ಅಪ್ಪ ಮಾಡುತ್ತಿದ್ದದ್ದು ಒಂದೇ, ಮುದ್ದೆ ನುಂಗಿಸುವುದು. ಅವನು ಚಿಕ್ಕವನಿದ್ದಾಗ ನಾನೂ ಎಷ್ಟು ಸಲ ಇಳಿಸಿದ್ದೇನೆ. ಬಿಸಿ ಮುದ್ದೆಯನ್ನು ದೊಡ್ಡದಾಗಿ ಮುರಿದು ಸಾರಿನಲ್ಲಿ ಅದ್ದಿ, “ಬಾಯ್ ತಗಿಲಾ. ಅಗೀಬ್ಯಾಡ, ನುಂಗು” ಅಂದೆ. ಕಣ್ಣಲ್ಲಿ ನೀರು ಬಂತು. ಇನ್ನೊಂದು ಕೊಟ್ಟೆ. ಮೂರನೆಯದಕ್ಕೆ ಬೇಡವೆಂದು ಕೈ ಅಡ್ಡ ಹಿಡಿದ. ಆ ಕೈ ಸರಿಸಿ ನುಂಗಿಸಿದೆ. “ಓಯ್ತು” ಅಂದ. ನಾನು ನಕ್ಕೆ. ಅಂಗಿಯ ಮೇಲೆ ಸಾರು ಚೆಲ್ಲಿದ್ದು ಆಗಲೇ.

ಹೊರಡುವಾಗ, ನಯನನಿಗೆ ಹೇಳಬೇಡ, ಸುಮ್ಮನೆ ಮನೆಯಲ್ಲಿ ಮುನಿಸು ಅಂದ. ಹೇಳಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಬೆಟ್ಟಮ್ಮ ಚೀಲ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಅವಳಿಗೆ ಮೈ ಸರಿಯಿರಲಿಲ್ಲ ಎಂದದ್ದು ಸುಳ್ಳು. ಹಿಂದಿನ ದಿನವೇ ನಿನ್ನ ಕಾಗದ ಬಂದಿತ್ತು. ‘ದಪ್ಪುಂದ್ ಏನೋ ನುಂಗಿ ತಳ್ಳವ್ರೆ’ ಎಂಬಲ್ಲಿಂದ ಮುಂದೆ ಅವತ್ತು ನನಗೆ ಓದಲಾಗಲಿಲ್ಲ. ನಿನ್ನ ಒಲೆಯ ಮೇಲೆ ಮದ್ದು ಹುಡುಕುತ್ತಿದ್ದವಳು ನಾನು. ಅವಳನ್ನು ವಾಪಸ್ಸು ಕಳಿಸಿದೆ. ನಿನಗೆ ಬರೆಯಲು ಕೂತಾಗ, ಬಂದಿಲ್ಲ ಎಂದು ಬರೆದುಬಿಟ್ಟೆ. ಒಂದು ಸುಳ್ಳಿನಿಂದ ಎಲ್ಲ ಮುಗಿಯುತ್ತದೆ ಅಂದುಕೊಂಡೆ. ನೀನು ಬೇರೆ ಹೆಂಗಸನ್ನು ಕಾಣುತ್ತೀಯ ಎಂದು ನನಗೆ ಹೊಳೆಯಲಿಲ್ಲ. ನೀನು ಹಾಗೆ ಬರೆದ ಮೇಲೂ ಒಂದು ತಿಂಗಳು ಸುಮ್ಮನೆ ಇದ್ದೆ.

ನಾನು ನುಂಗಿಸಿದ್ದರಿಂದಲೇ ಮೂಳೆ ಚುಚ್ಚಿತು ಎಂದು ಅವನಿಗೂ ಗೊತ್ತು, ಅದು ನಿನ್ನ ಕಾಗದದಿಂದ ತಿಳಿಯಿತು. ನಾನು ಸಾಯುತ್ತೇನೆಂದು ಅವನು ಹೆದರಿದ್ದಾನೆ. ನಾನು ಸಾಯುವುದಿಲ್ಲ ಎಂದು ಹೇಳು. ಇಲ್ಲ, ಏನೂ ಹೇಳಬೇಡ. ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು. ಸಹಿ ಮಾತ್ರ ಹಾಕು.

ಕರೆದರೆ ಬಂದು ಆಸ್ಪತ್ರೆಯ ಹೊರಗೆ ಕೂರುತ್ತೇನೆ. ಕರೆಯದೆ ಬರುವ ಮುಖ ನನಗಿಲ್ಲ.

ಇಂದ್ರಮ್ಮ


ಕೊಪ್ಪ
12-5-2024

ಅಕ್ಕ,

ನಿಮ್ಮ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು. ಬೇಕೆಂದೇ ಬರೆಯಲಿಲ್ಲ. ನೀವು ದಿನವೂ ಅಂಚೆಯವರನ್ನು ಕೇಳಲಿ ಎಂದೇ ಬರೆಯಲಿಲ್ಲ. ಆಸ್ಪತ್ರೆಯಿಂದಲೂ ಕರೆಯಲಿಲ್ಲ. ಎಂಟು ಗಂಟೆ ಬಾಗಿಲ ಹೊರಗೆ ಒಬ್ಬಳೇ ಕೂತಿದ್ದೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅದು ನೀವೇ ಆಗಿರಲಿ ಅನ್ನಿಸಲಿಲ್ಲ.

ಅವರು ಉಳಿದಿದ್ದಾರೆ. ಮೊದಲು ಅದನ್ನು ಬರೆಯಬೇಕಿತ್ತು. ಹೊಟ್ಟೆಯನ್ನು ಕೊಳವೆ ಮಾಡಿ ಎದೆಮೂಳೆಯ ಹಿಂದಿನಿಂದ ಕತ್ತಿಗೆ ಸೇರಿಸಿದ್ದಾರೆ. ಹತ್ತನೇ ದಿನ ಬಿಳಿ ಔಷಧಿ ಕುಡಿಸಿ ಎಕ್ಸ್‌ರೇಯಲ್ಲಿ ನೋಡಿದರು, ಎಲ್ಲೂ ಸೋರಲಿಲ್ಲ. ಕತ್ತಿನ ಬಾಯಿ ಮುಚ್ಚಿದೆ. ಆಮೇಲೆ ಎರಡು ಚಮಚ ನೀರು ಕುಡಿದರು. ಕುಡಿದು, ಕಳ್ಳತನ ಮಾಡಿದವರ ಹಾಗೆ ನನ್ನ ಮುಖ ನೋಡಿದರು. ಸ್ವರ ಸ್ವಲ್ಪ ಬಂದಿದೆ. ಹತ್ತಿರ ಕೂತರೆ ಕೇಳುತ್ತದೆ. ಆ ರಕ್ತನಾಳದ ಕೊಳವೆಗಾಗಿ ಮಾತ್ರೆ ಬಹಳ ಕಾಲ ನುಂಗಬೇಕು.

ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿಲ್ಲ. ನಿಮಗೆ ಗೊತ್ತಾಗಿಲ್ಲ ಎಂದೇ ಅವರು ತಿಳಿದಿದ್ದಾರೆ. ನಾನು ಕೇಳುವುದನ್ನು ಬಿಟ್ಟೆ, ಅಷ್ಟೆ. ಯಾಕೆ ಬಿಟ್ಟೆ ಎಂದು ಅವರಿಗೆ ಈಗ ನನ್ನ ಮೇಲೆ ಅನುಮಾನ. ಇರಲಿ, ಸ್ವಲ್ಪ ದಿನ ಅವರೂ ಪಡಲಿ. ಆ ಕಾಗದ ರಾಗಿ ಡಬ್ಬದ ತಳದಲ್ಲಿದೆ. ನೀವು ಕೇಳಿದರೂ ಕೊಡುವುದಿಲ್ಲ.

ಈಗ ಇರುವ ತೊಂದರೆ ಬೇರೆ. ಮುದ್ದೆ ಕೊಡಬಹುದು ಎಂದಿದ್ದಾರೆ, ಮೆತ್ತಗೆ ತಿರುವಿ, ಅವರೆಕಾಳಿನಷ್ಟು ಸಣ್ಣ ತುತ್ತು. ಆದರೆ ಪ್ರತಿ ತುತ್ತನ್ನೂ ಅಗಿಯಬೇಕು. ಮುದ್ದೆಯನ್ನು ಅಗಿಯುವುದನ್ನು ನಮ್ಮಲ್ಲಿ ಯಾರು ಕಂಡಿದ್ದಾರೆ? ಅವರಿಗೆ ನಾಚಿಕೆ. ನಾನು ಮುಂದೆ ಕೂತರೆ ಬಾಯಿ ತೆಗೆಯುವುದಿಲ್ಲ. ನಿನ್ನೆ ತಟ್ಟೆ ಸರಿಸಿ, “ಅಕ್ಕ ಬರ್ಲಿ, ಅಕ್ಕನ್ ಕೈಲಿ ಉಣ್ತೀನಿ” ಅಂದರು. ಎರಡು ಸಲ ಹೇಳಿಸಿಕೊಂಡೆ, ನನಗೆ ಕೇಳಿಸಲಿಲ್ಲ ಎಂದು.

ಬನ್ನಿ. ನೀವು ಮಾತು ಬಿಟ್ಟವರು, ಆಡಬೇಕಾಗಿಲ್ಲ. ನನಗೂ ಇನ್ನೂ ಆಡುವ ಮನಸ್ಸಾಗಿಲ್ಲ. ಅವರ ಪಕ್ಕದಲ್ಲಿ ಕೂತು ಮುದ್ದೆ ಮುರಿದು ಕೊಡಿ, ಸಣ್ಣದಾಗಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದು ತುತ್ತನ್ನೂ ನೋಡುತ್ತಿರುತ್ತೇನೆ.

ನಯನ